ಕಾಂಪೌಂಡ್ ಬದಿಯ ಒಂದೂವರೆ ಅಡಿ

ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಎದ್ದು ನಿಂತ ಮೇಲೆ ಮಣ್ಣು ಅಂತ ಉಳಿಯುವುದು ಒಂದು ಪಟ್ಟಿ ಮಾತ್ರ. ಕಾರಿನ ಜಾಗಕ್ಕೆ ಟೈಲ್ಸ್ ಬಂತು, ಪಕ್ಕದ ಓಣಿಗೆ ಕಾಂಕ್ರೀಟ್ ಬಿತ್ತು, ಸಂಪು ತನ್ನ ಪಾಲು ತೆಗೆದುಕೊಂಡಿತು. ಕೊನೆಗೆ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಒಂದೂವರೆ ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ತೋಟ ಅಂದರೆ ಇಷ್ಟೇ. ಜಾಗ ಚಿಕ್ಕದು ಅಂತ ಹಗುರವಾಗಿ ನೋಡುವಂತಿಲ್ಲ. ಗೇಟು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಅದು, ಅಡುಗೆಮನೆ ಕಿಟಕಿಯಿಂದ ದಿನವಿಡೀ ಕಾಣುವುದೂ ಅದೇ. ಅಲ್ಲಿಗೆ ಬೇಕಾದದ್ದು ವರ್ಷವಿಡೀ ಎಲೆ ಉಳಿಸಿಕೊಳ್ಳುವ ನಿತ್ಯಹಸಿರು ಗಿಡ.

ಈ ಪಟ್ಟಿಗಳು ಮೂರು ವರ್ಷದಲ್ಲಿ ಎರಡರಲ್ಲಿ ಒಂದು ಗತಿ ಕಾಣುತ್ತವೆ. ಒಂದೋ ಗಿಡಗಳು ಓಣಿಗೆ ಚಾಚಿ, ನಡೆಯುವವರ ಬಟ್ಟೆ ಹಿಡಿದು, ಗೋಡೆಯ ಬಣ್ಣ ಉಜ್ಜಿ, ತಿಂಗಳಿಗೊಮ್ಮೆ ಕತ್ತರಿ ಕೇಳುತ್ತವೆ. ಇಲ್ಲವೇ ಬುಡದಲ್ಲಿ ಬರೀ ಕಡ್ಡಿ, ತುದಿಯಲ್ಲಿ ನಾಲ್ಕು ಎಲೆ ಉಳಿಯುತ್ತದೆ. ಎರಡಕ್ಕೂ ಮೂಲ ಒಂದೇ: ನರ್ಸರಿಯಲ್ಲಿ ಗಿಡ ಆರಿಸುವಾಗ ಕೇಳಿದ ಪ್ರಶ್ನೆ. ನಾವೆಲ್ಲ ಕೇಳುವುದು ‘ಎಷ್ಟು ಎತ್ತರ ಬೆಳೆಯುತ್ತೆ?’ ಅಂತ. ಕೇಳಬೇಕಾದದ್ದು ‘ಕತ್ತರಿ ಹಾಕದೆ ಬಿಟ್ಟರೆ ಎಷ್ಟು ಅಗಲ ಹರಡುತ್ತೆ?’ ಅಂತ.

ಎತ್ತರವನ್ನು ತುದಿ ಚಿವುಟಿ ನಿಲ್ಲಿಸಬಹುದು, ಗಿಡಕ್ಕೆ ಅದರಿಂದ ಹೆಚ್ಚಿನ ನೋವಿಲ್ಲ. ಅಗಲದ ವಿಷಯ ಬೇರೆ. ನಾಲ್ಕಡಿ ಹರಡುವ ಗಿಡವನ್ನು ಒಂದೂವರೆ ಅಡಿಗೆ ಪದೇ ಪದೇ ಒಳಕ್ಕೆ ಕತ್ತರಿಸಿದರೆ ಎಲೆಗಳೆಲ್ಲ ಹೊರಗಿನ ಎರಡು–ಮೂರು ಇಂಚಿನ ಪದರದಲ್ಲಿ ಸೇರಿಕೊಳ್ಳುತ್ತವೆ. ಒಳಗೆ ಬೆಳಕು ಹೋಗುವುದಿಲ್ಲ, ಕೊಂಬೆ ಬೋಳಾಗುತ್ತದೆ. ಒಂದು ದಿನ ಕತ್ತರಿ ಒಂದಿಂಚು ಹೆಚ್ಚು ಒಳಗೆ ಹೋದರೆ ಕಾಣುವುದು ಕಂದು ಕಡ್ಡಿ. ಆದ್ದರಿಂದ ಇಲ್ಲಿ ನನ್ನದೊಂದು ಕಟ್ಟುನಿಟ್ಟು: ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಕತ್ತರಿ ಬೇಡುವ ಗಿಡ ಈ ಪಾತಿಗೆ ಬೇಡ. ಬೆಳೆದು ನಿಂತಾಗ ಪಾತಿಯ ಅಗಲಕ್ಕಿಂತ ಅರ್ಧ ಅಡಿ ಮಾತ್ರ ಹೆಚ್ಚು ಹರಡುವ ಗಿಡವಾದರೆ ಸರಿ. ಓಣಿಯ ಕಡೆ ಕೆಲವು ಇಂಚು ಅಂಚು ದಾಟಿದರೆ ಸಿಮೆಂಟ್ ಕಟ್ಟೆ ಮರೆಯಾಗುತ್ತದೆ, ಓಣಿಗೆ ತೊಂದರೆಯಿಲ್ಲ.

ನಿತ್ಯಹಸಿರು ಅನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹಿಮ ಬೀಳದ ನಮ್ಮ ಕಡೆ ಬಹುಪಾಲು ಗಿಡಗಳು ವರ್ಷವಿಡೀ ಏನಾದರೂ ಹಸಿರು ಇಟ್ಟುಕೊಂಡೇ ಇರುತ್ತವೆ. ದೇವಕಣಗಿಲೆಯಂತೆ ಚಳಿಗಾಲದಲ್ಲಿ ಪೂರ್ತಿ ಬೋಳಾಗುವವು ಕಡಿಮೆ. ಆದರೆ ಒಂದೇ ಸಲಕ್ಕೆ ರಾಶಿ ಎಲೆ ಉದುರಿಸಿ ಹೊಸದನ್ನು ಹೊದೆಯುವವು ಇವೆ, ಚೂರುಚೂರೇ ಬದಲಿಸಿಕೊಳ್ಳುವವು ಇವೆ. ಕಿರಿದಾದ ಪಾತಿಗೆ ಬೇಕಾದದ್ದು ಎರಡನೆಯ ಜಾತಿ. ಅದರ ಜೊತೆಗೆ ಬುಡದವರೆಗೂ ಎಲೆ ಉಳಿಸಿಕೊಳ್ಳುವ ಗುಣ ಬೇಕು. ಇಪ್ಪತ್ತಡಿ ಉದ್ದದ ಪಟ್ಟಿಯಲ್ಲಿ ಕಣ್ಣು ಹೋಗುವುದೇ ಬುಡದ ಕಡೆಗೆ.

ಯಾವುದು ಬೇಡ ಅನ್ನುವುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನರ್ಸರಿಯವರು ‘ಕಾಂಪೌಂಡ್‌ಗೆ’ ಅಂದ ಕೂಡಲೇ ತೋರಿಸುವುದು ಇವನ್ನೇ. ಕಂಬದಂಥ ಅಶೋಕ ನೋಡಲು ಕಿರಿದು, ನಿಜ. ಆದರೆ ಅದು ಮೂವತ್ತು–ನಲವತ್ತು ಅಡಿ ಏರುವ ಮರ. ಅಷ್ಟೆತ್ತರದ ಮರಕ್ಕೆ ಒಂದೂವರೆ ಅಡಿ ಮಣ್ಣಿನಲ್ಲಿ ಕಾಲೂರಲು ಜಾಗ ಎಲ್ಲಿದೆ? ಬೇರು ಗೋಡೆಯ ಪಾಯದ ಕೆಳಗೆ ನುಗ್ಗಲೇಬೇಕು. (ಅಂದ ಹಾಗೆ ಇದು ನಿಜವಾದ ಅಶೋಕವೂ ಅಲ್ಲ. ಕೆಂಪು–ಕಿತ್ತಳೆ ಹೂಗೊಂಚಲಿನ ಸೀತಾ ಅಶೋಕವೇ ಬೇರೆ ಮರ.) ಅರೆಕಾ ಪಾಮ್ ಕುಂಡದಲ್ಲಿ ಒಂದಡಿ, ನೆಲದಲ್ಲಿ ನಾಲ್ಕು ವರ್ಷಕ್ಕೆ ಮೆಳೆಯಾಗಿ ಐದಾರು ಅಡಿ. ಫೈಕಸ್ ಜಾತಿಯ ಯಾವುದೇ ಗಿಡವನ್ನು, ಎಷ್ಟೇ ಚಂದದ ಗುಂಡು ಆಕಾರದಲ್ಲಿ ಕತ್ತರಿಸಿಟ್ಟಿರಲಿ, ಗೋಡೆ ಹತ್ತಿರ ತರಬಾರದು. ಅದು ಆಲದ ವಂಶ, ಬಿರುಕು ಸಿಕ್ಕಿದರೆ ಬಿಡುವುದಿಲ್ಲ. ಹಳದಿ ಬಿದಿರೂ ಬೇಡ.

ಚಿನ್ನದ ಬಣ್ಣದ ಡುರಾಂಟಾ ಅಗ್ಗ, ಬೇಗ ತುಂಬಿಕೊಳ್ಳುತ್ತದೆ, ರಸ್ತೆ ವಿಭಜಕಗಳಲ್ಲೆಲ್ಲ ಅದೇ ಇದೆ. ಅಲ್ಲಿ ಕತ್ತರಿಸಲು ಆಳುಗಳಿದ್ದಾರೆ. ಮನೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರು ವಾರಕ್ಕೊಮ್ಮೆ ಸವರದಿದ್ದರೆ ಅಡಿಯುದ್ದದ ಚಿಗುರು ಎಲ್ಲ ದಿಕ್ಕಿಗೂ ಹೊಡೆಯುತ್ತದೆ. ಕತ್ತರಿಸದೆ ಬಿಟ್ಟರೆ ಬಿಡುವ ಹಳದಿ ಕಾಯಿ ವಿಷಕಾರಿ, ಚಿಕ್ಕ ಮಕ್ಕಳಿರುವ ಮನೆಗೆ ಸಲ್ಲದು. ಥೂಜಾ, ಮೋರ್‌ಪಂಖಿ ಅನ್ನುತ್ತಾರಲ್ಲ, ಅದು ಮೊದಲ ಮೂರು ವರ್ಷ ದೀಪದ ಜ್ವಾಲೆಯಂತೆ ಸುಂದರ. ಆಮೇಲೆ ಗೋಡೆ ಕಡೆಯ ಅರ್ಧ ಬಿಸಿಲು ಕಾಣದೆ ಕಂದಾಗುತ್ತದೆ. ಥೂಜಾ ಬೋಳು ಕೊಂಬೆಯಿಂದ ಮರಳಿ ಚಿಗುರುವುದಿಲ್ಲ, ಕಂದಾದ ಭಾಗ ಕಂದಾಗಿಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಕೆಂಪು ನುಸಿಯ ಕಾಟ ಬೇರೆ. ರೆಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದರೆ ಮೆಣಸಿನಪುಡಿ ಉದುರಿದಂತೆ ಬಿದ್ದು ನಿಧಾನಕ್ಕೆ ಹರಿದಾಡುತ್ತವೆ.

ಇನ್ನು ಬೆಳಕು. ಇದು ಕಿರಿದಾದ ಪಾತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಸಂಗತಿ, ಏಕೆಂದರೆ ಒಂದು ಕಡೆ ಮನೆ, ಇನ್ನೊಂದು ಕಡೆ ಗೋಡೆ, ನಡುವೆ ಸೀಳು ಆಕಾಶ. ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ಏಪ್ರಿಲ್ 24ರ ಸುಮಾರಿಗೆ ನೆತ್ತಿಯ ಮೇಲೆ ಬಂದು ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಮರಳುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣದಲ್ಲೇ ವಾಸ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ದಿಗಂತದಿಂದ 54 ಡಿಗ್ರಿಯಷ್ಟು ಮಾತ್ರ ಎತ್ತರದಲ್ಲಿರುತ್ತಾನೆ. ಆಗ 20 ಅಡಿ ಎತ್ತರದ ಮನೆಯ ನೆರಳು ಉತ್ತರಕ್ಕೆ ಸುಮಾರು 15 ಅಡಿ ಚಾಚುತ್ತದೆ. ಮನೆಯ ಉತ್ತರಕ್ಕಿರುವ ಮೂರಡಿ ಓಣಿಯ ಪಾತಿಗೆ ಚಳಿಗಾಲದ ನಡುಹಗಲಲ್ಲೂ ಬಿಸಿಲು ಬೀಳುವುದಿಲ್ಲ.

ಹಾಗಾದರೆ ದಕ್ಷಿಣದ ಕಾಂಪೌಂಡ್ ಬದಿಗೆ ಬಿಸಿಲೋ ಬಿಸಿಲು ಅಂದುಕೊಳ್ಳುತ್ತೇವೆ. ಅಲ್ಲೂ ಒಂದು ತೊಡಕಿದೆ. ಪಾತಿ ಇರುವುದು ಗೋಡೆಯ ಒಳಮೈಗೆ, ಅಂದರೆ ಗೋಡೆಯ ಉತ್ತರಕ್ಕೆ. ಐದಡಿ ಗೋಡೆಯ ಡಿಸೆಂಬರ್ ನೆರಳು ಮೂರೂಮುಕ್ಕಾಲು ಅಡಿ. ಒಂದೂವರೆ ಅಡಿ ಪಾತಿಯ ಹೊರ ಅಂಚಿನಲ್ಲಿಯೂ ನೆಲದಿಂದ ಮೂರಡಿ ಎತ್ತರದವರೆಗೆ ನೆರಳೇ. ಮೇ ತಿಂಗಳಲ್ಲಿ ಅದೇ ಜಾಗಕ್ಕೆ ನೆತ್ತಿಯ ಮೇಲಿನ ಸುಡುಬಿಸಿಲು. ಹೀಗೆ ಅರ್ಧ ವರ್ಷ ನೆರಳು, ಅರ್ಧ ವರ್ಷ ಬಿಸಿಲು ಎರಡನ್ನೂ ತಾಳುವ ಗಿಡ ಅಲ್ಲಿಗೆ ಬೇಕು. ಕಾಗದದ ಮೇಲಿನ ದಿಕ್ಕು ನಂಬುವುದಕ್ಕಿಂತ ಡಿಸೆಂಬರ್‌ನಲ್ಲಿ ಒಂದು ದಿನ, ಮೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ 9, ಮಧ್ಯಾಹ್ನ 12, 3 ಗಂಟೆಗೆ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದರೆ ಸಾಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ನೇರ ಬಿಸಿಲಿದ್ದರೆ ಹೂಗಿಡ ನಡೆಯುತ್ತದೆ. ಎರಡರಿಂದ ನಾಲ್ಕು ಗಂಟೆ ಇದ್ದರೆ ಎಲೆಯ ಚಂದದ ಗಿಡ. ಅದಕ್ಕಿಂತ ಕಡಿಮೆಯಾದರೆ ನೆರಳಿನ ಗಿಡವೇ ಗತಿ, ಅಲ್ಲಿ ಹೂವಿನ ಆಸೆ ಬಿಡಬೇಕು.

ಬಿಸಿಲಿರುವ ಪಾತಿಗೆ ನನ್ನ ಮೊದಲ ಆಯ್ಕೆ ಕುಳ್ಳ ನಂದಿಬಟ್ಟಲು. ದೇವಸ್ಥಾನದ ಅಂಗಳದಲ್ಲಿ ಕಾಣುವ ದೊಡ್ಡ ನಂದಿಬಟ್ಟಲು ಆರಡಿ ಏರಿ ಆರಡಿ ಹರಡುತ್ತದೆ, ಅದಲ್ಲ. ನರ್ಸರಿಯಲ್ಲಿ ‘ಮಿನಿ ಚಾಂದನಿ’ ಅಂತ ಕರೆಯುವ, ಎಲೆ ಎರಡು ಇಂಚಿನಷ್ಟೇ ಇರುವ ತಳಿ. ಎರಡರಿಂದ ಎರಡೂವರೆ ಅಡಿಗೆ ತಾನೇ ನಿಲ್ಲುತ್ತದೆ, ಎರಡಡಿ ಅಗಲ. ಅರ್ಧ ನೆರಳಲ್ಲೂ ಎಲೆ ಉದುರಿಸುವುದಿಲ್ಲ, ಬಿಸಿಲಿದ್ದರೆ ವರ್ಷದ ಬಹುಪಾಲು ಬಿಳಿ ಹೂ. ಬೆಳಿಗ್ಗೆ ದೇವರ ಮನೆಗೆ ಹತ್ತು ಹೂ ಸಿಕ್ಕರೆ ಅದಕ್ಕಿಂತ ಏನು ಬೇಕು. ಕಿತ್ತಾಗ ಹಾಲು ಬರುತ್ತದೆ, ಕೈ ತೊಳೆಯಬೇಕು ಅಷ್ಟೇ.

ಅದಕ್ಕೆ ಬರುವ ದೊಡ್ಡ ಅತಿಥಿ ಒಂದು ಹುಳು. ಮಳೆಗಾಲದ ಒಂದು ಬೆಳಿಗ್ಗೆ ತುದಿಯ ಎಲೆಗಳು ಮಾಯವಾಗಿ ಬರೀ ನರ ನಿಂತಿರುತ್ತದೆ. ಗಿಡವನ್ನು ಎಷ್ಟು ದಿಟ್ಟಿಸಿದರೂ ಏನೂ ಕಾಣುವುದಿಲ್ಲ, ಹುಳು ಎಲೆಯದೇ ಹಸಿರು. ನೆಲ ನೋಡಬೇಕು. ಬುಡದಲ್ಲಿ ಕರಿಮೆಣಸಿನ ಕಾಳಿನಂಥ ಹಿಕ್ಕೆ ಬಿದ್ದಿದ್ದರೆ ಅದರ ನೇರ ಮೇಲಿನ ರೆಂಬೆಯಲ್ಲಿ ಅದು ಕೂತಿದೆ. ಬೆರಳುದ್ದದ ದಪ್ಪ ಹುಳು, ತಲೆಯ ಹಿಂದೆ ಎರಡು ನೀಲಿ–ಬಿಳಿ ಕಣ್ಣಿನಂಥ ಬೊಟ್ಟು, ಬಾಲದಲ್ಲೊಂದು ಮೊಂಡು ಕೊಂಬು. ಮುಟ್ಟಿದರೆ ತಲೆ ಒಳಗೆಳೆದುಕೊಂಡು ಆ ಬೊಟ್ಟುಗಳನ್ನು ಉಬ್ಬಿಸಿ ಹೆದರಿಸುತ್ತದೆ. ಕಣಗಿಲೆ ಹಾಕ್‌ಮಾತ್ ಎಂಬ ಹಸಿರು ಪತಂಗದ ಮರಿ ಅದು, ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಇಡೀ ಸಾಲಿಗೆ ಮೂರೋ ನಾಲ್ಕೋ ಇರುತ್ತವೆ. ಕೈಯಿಂದ ತೆಗೆದು ದೂರದ ಕಣಗಿಲೆಗೋ ದೊಡ್ಡ ನಂದಿಬಟ್ಟಲಿಗೋ ಬಿಟ್ಟರೆ ಮುಗಿಯಿತು. ಇದಕ್ಕಾಗಿ ಕೀಟನಾಶಕ ಹೊಡೆಯುವುದು ತಪ್ಪು, ಗಿಡ ಎರಡು ವಾರದಲ್ಲಿ ಮತ್ತೆ ಚಿಗುರುತ್ತದೆ.

ಎರಡನೆಯದು ಕೇಪಳ. ಕರಾವಳಿಯವರಿಗೆ ಪರಿಚಯ ಹೇಳಬೇಕಿಲ್ಲ. ಗುಡ್ಡದ ಮುರಕಲ್ಲಿನ ಮೇಲೆ ಯಾರೂ ನೀರು ಹಾಕದೆ ಕೆಂಪಗೆ ಅರಳಿ ನಿಲ್ಲುವ ಗಿಡ. ಅದರ ಕುಳ್ಳ ತಳಿಗಳು ಮಿನಿ ಇಕ್ಸೋರಾ ಹೆಸರಲ್ಲಿ ಸಿಗುತ್ತವೆ, ಎರಡಡಿ ಎತ್ತರ, ಒಂದೂವರೆಯಿಂದ ಎರಡಡಿ ಅಗಲ. ಅಳತೆಯಲ್ಲಿ ಈ ಪಾತಿಗೆಂದೇ ಹೊಲಿದಂತಿದೆ. ಆದರೂ ಬೆಂಗಳೂರಿನ ಕಾಂಪೌಂಡ್ ಬದಿಗಳಲ್ಲಿ ಹೆಚ್ಚು ಸೊರಗುವ ಗಿಡ ಇದೇ. ಗುಡ್ಡದಲ್ಲಿ ಕಲ್ಲಿನ ಮೇಲೆ ಬದುಕುವ ಗಿಡ ಮನೆಯಲ್ಲಿ ಗೊಬ್ಬರ ತಿಂದೂ ಏಕೆ ಹಳದಿಯಾಗುತ್ತದೆ? ಉತ್ತರ ಆ ಮುರಕಲ್ಲಿನಲ್ಲೇ ಇದೆ. ಅದು ಹುಳಿ ಮಣ್ಣು, ಕಬ್ಬಿಣ ತುಂಬಿದ ಮಣ್ಣು. ಕಾಂಪೌಂಡ್ ಬದಿಯಲ್ಲಿ ಗಾರೆ, ಸಿಮೆಂಟ್, ಸುಣ್ಣದ ಚೂರು ಕಲೆತು ಮಣ್ಣು ಕ್ಷಾರವಾಗಿರುತ್ತದೆ, ಬೋರ್‌ವೆಲ್ಲಿನ ಗಡಸು ನೀರು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕ್ಷಾರದಲ್ಲಿ ಕಬ್ಬಿಣ ಮಣ್ಣಲ್ಲಿದ್ದರೂ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ.

ಲಕ್ಷಣ ಗುರುತಿಸುವುದು ಸುಲಭ. ತುದಿಯ ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಬಲೆಯಂತೆ ಉಳಿದಿದ್ದರೆ ಕಬ್ಬಿಣದ ಕೊರತೆ. ಬುಡದ ಹಳೆ ಎಲೆ ಪೂರ್ತಿ ಹಳದಿಯಾದರೆ ಅದು ಸಾರಜನಕದ್ದು, ಬೇರೆ ಕಥೆ. ಮೊದಲನೆಯದಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು–ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಮಾಡಿದರೆ ಹಸಿರು ಮರಳುತ್ತದೆ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕೆಳಗೆ ಪ್ಲಾಸ್ಟಿಕ್ ಹಾಸಿಕೊಳ್ಳಿ. ಇದು ಬರೀ ಉಪಶಮನ. ರೋಗ ಮಣ್ಣಲ್ಲಿದೆ, ಅದನ್ನು ನೆಡುವ ಮೊದಲೇ ತೆಗೆಯಬೇಕು. ಇನ್ನೊಂದು ಎಚ್ಚರ: ಕೇಪಳ ಹೂ ಬಿಡುವುದು ರೆಂಬೆಯ ತುದಿಯಲ್ಲಿ. ಬೇಲಿಯಂತೆ ಸಮತಟ್ಟಾಗಿ ಸವರುತ್ತಿದ್ದರೆ ಬರಬೇಕಿದ್ದ ಹೂವೆಲ್ಲ ಕತ್ತರಿಗೆ ಹೋಗುತ್ತದೆ.

ಬೇಲಿಯಂಥ ಅಚ್ಚುಕಟ್ಟು ಬೇಕು, ಹೂ ಇಲ್ಲದಿದ್ದರೂ ಸರಿ ಅನ್ನುವವರಿಗೆ ಸಿಂಗಾಪುರ ಹಾಲಿ ಎಂಬ ಮಾಲ್ಪೀಜಿಯಾ ಒಳ್ಳೆಯದು. ಉಗುರಿನಷ್ಟು ಎಲೆ, ಅಂಚಿನಲ್ಲಿ ಸಣ್ಣ ಮುಳ್ಳು, ಬಹಳ ನಿಧಾನ. ವರ್ಷಕ್ಕೊಮ್ಮೆ ಕತ್ತರಿ ತೋರಿಸಿದರೆ ಹೆಚ್ಚಾಯಿತು. ನಿಧಾನ ಅನ್ನುವುದೇ ಇಲ್ಲಿ ಗುಣ, ಆದರೆ ಆ ಕಾರಣಕ್ಕೇ ನರ್ಸರಿಯಲ್ಲಿ ಬೆಲೆ ಜಾಸ್ತಿ. ಕಡಿಮೆ ನೀರಿನ, ಬಿಸಿ ಹೊಡೆಯುವ ಪಶ್ಚಿಮದ ಗೋಡೆಗೆ ಕುಳ್ಳ ಕ್ಯಾರಿಸ್ಸಾ. ನಮ್ಮ ಕಾಡಿನ ಕವಳೆ ಹಣ್ಣಿನ ನೆಂಟ, ದಪ್ಪ ಹೊಳೆವ ಎಲೆ, ನಕ್ಷತ್ರದಂಥ ಬಿಳಿ ಹೂ. ಕೊಳ್ಳುವಾಗ ಮುಳ್ಳು ನೋಡಿ, ಕುಳ್ಳ ತಳಿಗಳಲ್ಲಿ ಕೆಲವಕ್ಕೆ ಮುಳ್ಳು ತೀರ ಕಡಿಮೆ. ಹುಬ್ಬಳ್ಳಿ, ಕಲಬುರಗಿ ಕಡೆಯ ಎರೆಮಣ್ಣು, ಅಲ್ಲಿನ ಬೇಸಿಗೆಗೆ ಕೇಪಳಕ್ಕಿಂತ ಇದೇ ವಾಸಿ.

ಪಕ್ಕದ ಮನೆಯ ಕಿಟಕಿ ಮರೆಮಾಡಲು ಐದಾರು ಅಡಿ ಎತ್ತರ ಬೇಕಾದರೆ ಪೊಡೊಕಾರ್ಪಸ್. ನೇರ ಮೇಲಕ್ಕೆ ಏರುವ, ಗಾಢ ಹಸಿರಿನ, ಕಿರಿದಾದ ಪಟ್ಟಿ ಎಲೆ. ಪೈನ್ ಗುಂಪಿನ ಶಂಕುಮರಗಳ ಪೈಕಿ ನಮ್ಮ ಪಶ್ಚಿಮಘಟ್ಟಕ್ಕೂ ಇದರದೊಂದು ಹತ್ತಿರದ ನೆಂಟ ಮರವಿದೆ. ಥೂಜಾದ ಹಾಗಲ್ಲದೆ ಇದು ಹಳೆ ಕೊಂಬೆಯಿಂದಲೂ ಚಿಗುರುತ್ತದೆ, ಕತ್ತರಿ ತಪ್ಪಿದರೂ ಕ್ಷಮಿಸುತ್ತದೆ. ಎರಡರಿಂದ ಎರಡೂವರೆ ಅಡಿಗೊಂದು ನೆಟ್ಟು ಮೂರು ವರ್ಷ ಕಾಯಬೇಕು. ನೀರು ನಿಂತರೆ ಮಾತ್ರ ಸಹಿಸುವುದಿಲ್ಲ.

ಕಾಮಿನಿ ಗಿಡದ ಬಗ್ಗೆ ಒಂದು ಮಾತು. ಕರಿಬೇವಿನ ನೆಂಟ, ಕುಳ್ಳ ತಳಿ ಮೂರಡಿ, ಮಳೆ ಬಿದ್ದ ಮಾರನೇ ವಾರ ಇಡೀ ಓಣಿ ಘಮ್ಮೆನ್ನುತ್ತದೆ. ಪಾತಿಗೆ ಎಲ್ಲ ರೀತಿಯಲ್ಲೂ ಹೊಂದುತ್ತದೆ. ಆದರೆ ನಿಂಬೆ ಜಾತಿಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಎಂಬ ಪುಟ್ಟ ಕೀಟಕ್ಕೆ ಇದು ಅಚ್ಚುಮೆಚ್ಚು. ಮನೆಯಲ್ಲಿ ನಿಂಬೆಯೋ ಮೂಸಂಬಿಯೋ ಇದ್ದರೆ ಕಾಮಿನಿ ಬೇಡ.

ನೆರಳಿನ ಪಾತಿಗೆ ಆಯ್ಕೆ ಕಡಿಮೆ, ಆದರೆ ಇರುವವು ಗಟ್ಟಿ. ರಾಪಿಸ್ ಪಾಮ್ ಸಣ್ಣ ಕಬ್ಬಿನಂಥ ಕಾಂಡಗಳಲ್ಲಿ ನೆಟ್ಟಗೆ ನಿಲ್ಲುತ್ತದೆ. ನೇರ ಬಿಸಿಲು ಬಿದ್ದರೆ ಅಥವಾ ನೀರು ಉಪ್ಪಾದರೆ ಎಲೆಯ ತುದಿ ಸುಟ್ಟಂತಾಗುತ್ತದೆ. ಹಳದಿ ಗೆರೆಯ ಸಾಂಗ್ ಆಫ್ ಇಂಡಿಯಾ ಅರ್ಧ ನೆರಳಲ್ಲಿ ಚಂದ. ಸ್ಕೆಫ್ಲೆರಾ ವರ್ಷಕ್ಕೆ ಎರಡು ಕತ್ತರಿ ಕೇಳುತ್ತದೆ, ಎಲೆಯ ಹಿಂದೆ ಹುರುಪೆಯಂತೆ ಅಂಟಿಕೊಳ್ಳುವ ಶಲ್ಕಕೀಟ ನೋಡಿಕೊಳ್ಳಬೇಕು. ಒಂದಡಿಗಿಂತಲೂ ಕಿರಿದಾದ ಸಂದಿಗೆ ಸ್ನೇಕ್ ಪ್ಲಾಂಟ್ ಬಿಟ್ಟರೆ ಬೇರೆ ಹೆಸರೇ ನೆನಪಾಗುವುದಿಲ್ಲ. ಮೂರಡಿ ನೆಟ್ಟಗೆ, ಒಂದು ಅಂಗೈ ಅಗಲ. ಮುಂದಿನ ಅಂಚಿಗೆ ಬೇಕಿದ್ದರೆ ಕುಳ್ಳ ಓಫಿಯೊಪೋಗನ್ ಹುಲ್ಲು, ನಾಲ್ಕಿಂಚು ಮೀರದ ಕಡುಹಸಿರು.

ಇವುಗಳಲ್ಲಿ ಒಂದನ್ನು ಆರಿಸಿ. ಎಂಟು ಬಗೆಯಲ್ಲ, ಒಂದು. ಹೆಚ್ಚೆಂದರೆ ಎರಡು ತುದಿಗೆ ಬೇರೆಯದೊಂದು. ಕಿರಿದಾದ ಪಟ್ಟಿಯಲ್ಲಿ ಹತ್ತು ಬಗೆ ನೆಟ್ಟರೆ ಸಂತೆಯಂತೆ ಕಾಣುತ್ತದೆ ಅನ್ನುವುದು ಒಂದು ಕಾರಣ. ಇನ್ನೂ ದೊಡ್ಡ ಕಾರಣ ನೀರು. ಒಂದೇ ಪೈಪಿನಲ್ಲಿ ಕ್ಯಾರಿಸ್ಸಾಗೆ ಹೆಚ್ಚಾಗಿ, ರಾಪಿಸ್‌ಗೆ ಸಾಲದೆ, ಯಾವುದಕ್ಕೂ ನ್ಯಾಯ ಸಿಗುವುದಿಲ್ಲ.

ಈಗ ಮಣ್ಣು. ಮೊದಲು ಹಾರೆ ತೆಗೆದುಕೊಂಡು ಮೂರು ಕಡೆ ಚುಚ್ಚಿ. ಒಂದಡಿ ಆಳದಲ್ಲಿ ಟಣ್ ಅಂದರೆ ಕೆಳಗೆ ಗೋಡೆ ಕಟ್ಟುವಾಗ ಚೆಲ್ಲಿದ ಕಾಂಕ್ರೀಟ್ ಹೆಪ್ಪುಗಟ್ಟಿದೆ. ಒಡೆದು ತೆಗೆಯದೆ ಮುಂದೆ ಹೋಗಬಾರದು. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ: ಎರಡು–ಮೂರು ಗಂಟೆಯಲ್ಲಿ ಇಂಗಿದರೆ ಸರಿ, ಬೆಳಗಿನವರೆಗೂ ನಿಂತರೆ ಯಾವ ಗಿಡವೂ ಬದುಕದು. ಬೊಗಸೆ ಮಣ್ಣಿಗೆ ವಿನೆಗರ್ ಸುರಿದಾಗ ನೊರೆ ಎದ್ದರೆ ಸುಣ್ಣವಿದೆ ಅಂತ ಅರ್ಥ. ಅಂಥ ಮಣ್ಣನ್ನು ಒಂದೂವರೆ ಅಡಿ ಆಳಕ್ಕೆ ತೆಗೆದು ಹಾಕುವುದೇ ಸರಿಯಾದ ದಾರಿ.

20 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ ಅಂದರೆ 45 ಘನ ಅಡಿ. ಅದಕ್ಕೆ 20 ಘನ ಅಡಿ ಕೆಂಪುಮಣ್ಣು, 15 ಘನ ಅಡಿ ಚೆನ್ನಾಗಿ ಕಳಿತ ಕಾಂಪೋಸ್ಟ್, 10 ಘನ ಅಡಿ ತೊಳೆದ ದಪ್ಪ ಮರಳು. ಒಂದು ಸಿಮೆಂಟ್ ಚೀಲದಲ್ಲಿ ಸುಮಾರು ಒಂದೂಕಾಲು ಘನ ಅಡಿ ಹಿಡಿಯುತ್ತದೆ, ಅಂದರೆ ಕಾಂಪೋಸ್ಟ್ 12 ಚೀಲ, ಮರಳು 8 ಚೀಲ. ತೊಳೆಯದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಹಾಕಿದರೆ ಅದರ ದೂಳು ಮಣ್ಣನ್ನು ಗಾರೆಯಂತೆ ಗಟ್ಟಿ ಮಾಡುತ್ತದೆ. ಕಾಂಪೋಸ್ಟ್ ಕಳಿಯುತ್ತ ಹೋದಂತೆ ಮೊದಲ ಮಳೆಗಾಲದಲ್ಲಿ ಎರಡು–ಮೂರು ಇಂಚು ಇಳಿಯುವುದು ಸಹಜ, ಮೇಲೆ ತುಂಬಲು ಎರಡು ಚೀಲ ಇಟ್ಟುಕೊಳ್ಳಿ.

ಮಣ್ಣು ಎಲ್ಲಿಯವರೆಗೆ ಏರಿಸಬೇಕು ಅನ್ನುವುದರಲ್ಲಿ ಬಹಳ ಮನೆಗಳು ಎಡವುತ್ತವೆ. ಪಾತಿ ಮನೆಯ ಗೋಡೆಗೆ ತಾಗಿದ್ದರೆ ಮಣ್ಣಿನ ಮಟ್ಟ ಮನೆಯೊಳಗಿನ ನೆಲದ ಮಟ್ಟವಾದ ಪ್ಲಿಂತ್‌ಗಿಂತ ಅರ್ಧ ಅಡಿಯಾದರೂ ಕೆಳಗಿರಬೇಕು. ಅದಕ್ಕಿಂತ ಏರಿದರೆ ತೇವ ಒಳಗೋಡೆಗೆ ಹತ್ತಿ ಒಂದು ಮಳೆಗಾಲದಲ್ಲೇ ಬಣ್ಣ ಬೊಬ್ಬೆ ಏಳುತ್ತದೆ. ಕಾಂಪೌಂಡ್ ಬದಿಯಲ್ಲೂ ಅರ್ಧ ಅಡಿಗಿಂತ ಹೆಚ್ಚು ಏರಿಸಬೇಡಿ. ನಾಲ್ಕಿಂಚು, ಆರಿಂಚಿನ ಬ್ಲಾಕ್ ಗೋಡೆ ಕಟ್ಟಿದ್ದು ಮರೆಗೆ, ಒದ್ದೆ ಮಣ್ಣಿನ ಒತ್ತಡ ತಡೆಯಲು ಅಲ್ಲ. ಓಣಿಯಲ್ಲಿ ಒಳಚರಂಡಿಯ ಚೇಂಬರ್ ಇದ್ದರೆ ಅದರಿಂದ ಎರಡಡಿ ಬಿಟ್ಟು ನೆಡಿ. ಪೈಪಿನ ಸಂದಿಯಲ್ಲಿ ಒಸರುವ ನೀರನ್ನು ಬೇರು ಹುಡುಕಿಕೊಂಡು ಹೋಗುತ್ತದೆ. ಆ ಜಾಗಕ್ಕೆ ಕುಂಡದಲ್ಲಿ ಸ್ನೇಕ್ ಪ್ಲಾಂಟ್ ಇಟ್ಟರೆ ಚೇಂಬರ್ ತೆರೆಯಬೇಕಾದಾಗ ಎತ್ತಿಡಬಹುದು.

ಗಿಡ ತರುವುದು ಜೂನ್ ಮೊದಲ ಮಳೆ ಬಿದ್ದ ಮೇಲೆ. ಲಾಲ್‌ಬಾಗ್ ಒಳಗಿನ ನರ್ಸರಿಮೆನ್ ಸಹಕಾರ ಸಂಘದ ಮಳಿಗೆಯಲ್ಲೋ, ಅದರ ಬೆನ್ನಿಗಿರುವ ಸಿದ್ದಾಪುರದ ನರ್ಸರಿಗಳಲ್ಲೋ ನಿಂತು ಸಾವಧಾನವಾಗಿ ನೋಡಿ. ಎತ್ತರದ ಗಿಡ ಬೇಡ, ಬುಡದಿಂದಲೇ ನಾಲ್ಕೈದು ರೆಂಬೆ ಒಡೆದ ಒಂದಡಿಯ ಗಿಡ ಬೇಕು. ಚೀಲದ ತಳದ ತೂತಿನಿಂದ ಪೆನ್ಸಿಲ್ ದಪ್ಪದ ಬೇರು ಹೊರಬಂದಿದ್ದರೆ ಅದು ಚೀಲದಲ್ಲೇ ಮುದಿಯಾಗಿದೆ, ಬಿಟ್ಟುಬಿಡಿ. ಒಂದೂವರೆ ಅಡಿ ಅಂತರ, ಎರಡೂ ತುದಿಗೆ ಒಂದೊಂದಡಿ ಬಿಟ್ಟರೆ ಇಪ್ಪತ್ತಡಿಗೆ ಸರಿಯಾಗಿ 13 ಗಿಡ. ತುಂಬಿದಂತೆ ಕಾಣಲಿ ಅಂತ 20 ನೆಟ್ಟರೆ ಎರಡನೇ ವರ್ಷ ಒಂದಕ್ಕೊಂದು ನೆರಳಾಗಿ ಬುಡ ಬೋಳಾಗುತ್ತದೆ.

ನೆಡುವಾಗ ಗಿಡ ಸಾಯುವುದು ಹೆಚ್ಚಾಗಿ ಬೇರಿನ ಹೆಂಟೆಯಿಂದ. ನರ್ಸರಿ ಚೀಲಗಳಲ್ಲಿರುವುದು ಜಿಗುಟು ಕೆಂಪುಮಣ್ಣು. ಒಣಗಿದರೆ ಇಟ್ಟಿಗೆ. ಅದನ್ನು ಹಾಗೇ ಸಡಿಲ ಮಣ್ಣಿನಲ್ಲಿಟ್ಟು ನೀರು ಹಾಕಿದರೆ ನೀರು ಸುತ್ತಲಿನ ಮಣ್ಣಿಗೆ ಇಳಿದುಹೋಗುತ್ತದೆ, ಹೆಂಟೆಯ ಒಳಗೆ ಒಣಗಿಯೇ ಇರುತ್ತದೆ. ಪಾತಿಯೆಲ್ಲ ಒದ್ದೆ, ಗಿಡ ಮಾತ್ರ ಬಾಡಿದೆ ಅಂತ ಜನ ಇನ್ನಷ್ಟು ನೀರು ಸುರಿಯುವುದು ಆಗಲೇ. ನೆಡುವ ಮುಂಚೆ ಚೀಲಸಮೇತ ಬಕೆಟ್ ನೀರಲ್ಲಿ ಮುಳುಗಿಸಿಡಿ. ಗುಳುಗುಳು ಗುಳ್ಳೆ ಏಳುತ್ತದೆ. ಹತ್ತು–ಹದಿನೈದು ನಿಮಿಷಕ್ಕೆ ಗುಳ್ಳೆ ನಿಂತಾಗ ಹೆಂಟೆ ಪೂರ್ತಿ ನೆನೆದಿದೆ. ಚೀಲ ಸೀಳಿ, ಸುತ್ತು ಹಾಕಿಕೊಂಡ ಬೇರನ್ನು ಮೂರು ಕಡೆ ಬ್ಲೇಡಿನಿಂದ ಮೇಲಿಂದ ಕೆಳಗೆ ಕಾಲಿಂಚು ಆಳಕ್ಕೆ ಗೀರಿ, ಹೊರಮೈಯ ಜಿಗುಟು ಮಣ್ಣನ್ನು ಬೆರಳಿನಿಂದ ಕೆರೆದು ತೆಗೆಯಿರಿ. ಬೊಡ್ಡೆ ಚೀಲದಲ್ಲಿ ಯಾವ ಮಟ್ಟದಲ್ಲಿತ್ತೋ ಅದೇ ಮಟ್ಟದಲ್ಲಿ ಕೂರಿಸಬೇಕು. ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ. ನೆಟ್ಟ ಮೇಲೆ ಎರಡಿಂಚು ತರಗೆಲೆಯ ಹೊದಿಕೆ, ಕಾಂಡದಿಂದ ಮೂರಿಂಚು ದೂರ.

ನೀರಿಗೆ ಇನ್‌ಲೈನ್ ಡ್ರಿಪ್ ಪೈಪು ಸಾಕು. ಒಂದಡಿಗೊಂದು ತೂತು, ಗಂಟೆಗೆ ಎರಡು ಲೀಟರ್ ಬಿಡುವಂಥದ್ದು. ಇಪ್ಪತ್ತಡಿಗೆ ಇಪ್ಪತ್ತು ತೂತು, ಅರ್ಧ ಗಂಟೆಗೆ 20 ಲೀಟರ್. ಮೊದಲ ಬೇಸಿಗೆಯಲ್ಲಿ ದಿನ ಬಿಟ್ಟು ದಿನ, ಎರಡನೇ ವರ್ಷದಿಂದ ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ಬಂದ್. ಒಂದು ಸೂಕ್ಷ್ಮವಿದೆ. ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿದ ಗೋಡೆಯ ಬುಡಕ್ಕೆ, ಮೇಲೆ ಸಜ್ಜಾ ಚಾಚಿದ ಜಾಗಕ್ಕೆ ಜಡಿಮಳೆಯಲ್ಲೂ ಹನಿ ಬೀಳುವುದಿಲ್ಲ. ಜುಲೈನಲ್ಲಿ ಗಿಡ ಬಾಡಿದರೆ ಬೆರಳು ಎರಡಿಂಚು ಒಳಗಿಟ್ಟು ನೋಡಿ. ಗಡಸು ನೀರಿನಿಂದ ತೂತು ಬಿಳಿಗಟ್ಟಿದರೆ ಪೈಪಿನ ಕೊನೆಯ ಮುಚ್ಚಳ ತೆಗೆದು ಎರಡು ತಿಂಗಳಿಗೊಮ್ಮೆ ಜೋರಾಗಿ ನೀರು ಹರಿಸಬೇಕು.

ಗೊಬ್ಬರ ಜೂನ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ, ಗಿಡಕ್ಕೆ ಒಂದು ಕಿಲೋ ಕಾಂಪೋಸ್ಟ್, 50 ಗ್ರಾಂ ಬೇವಿನ ಹಿಂಡಿ. ಯೂರಿಯಾ ಹಾಕಿ ಎಬ್ಬಿಸಿದ ಚಿಗುರಿಗೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟುತಿಗಣೆ ಬರುತ್ತದೆ, ಕತ್ತರಿಯೂ ಬೇಕಾಗುತ್ತದೆ. ಫೆಬ್ರವರಿಯಿಂದ ಮೇವರೆಗೆ ವಾರಕ್ಕೊಮ್ಮೆ ರೆಂಬೆಯ ಕವಲು ನೋಡಿ. ಇರುವೆ ಸಾಲುಗಟ್ಟಿ ಹತ್ತುತ್ತಿದ್ದರೆ ಮೇಲೆ ಹಿಟ್ಟುತಿಗಣೆಯೋ ಶಲ್ಕಕೀಟವೋ ಇದೆ. ಮೊದಲು ಪೈಪಿನ ರಭಸದ ನೀರು, ಎರಡು ದಿನ ಬಿಟ್ಟು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 2 ಮಿಲಿ ದ್ರವ ಸೋಪು ಕಲಕಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಕತ್ತರಿ ಜೂನ್ ಮತ್ತು ಅಕ್ಟೋಬರ್‌ನಲ್ಲಿ, ಗೊಬ್ಬರದ ಮುಂಚೆ. ಬುಡ ಅಗಲ, ತಲೆ ಕಿರಿದು ಇರುವಂತೆ ಸ್ವಲ್ಪ ಓರೆಯಾಗಿ. ಉಲ್ಟಾ ಮಾಡಿದರೆ ತಲೆಯ ನೆರಳಿಗೆ ಬುಡದ ಎಲೆ ಉದುರುತ್ತದೆ. ಗೋಡೆ ಕಡೆಗೆ ಚಾಚಿದ ರೆಂಬೆಗಳನ್ನು ಬುಡದವರೆಗೆ ತೆಗೆದು ಒಂದು ಅಂಗೈ ಸಂದಿ ಬಿಡಬೇಕು. ಗಾಳಿ ಆಡುತ್ತದೆ, ಗೋಡೆ ಒಣಗುತ್ತದೆ.

ಕೊಳ್ಳುವಾಗ 13ರ ಬದಲು 15 ಗಿಡ ಕೊಂಡು ಎರಡನ್ನು ದೊಡ್ಡ ಕುಂಡದಲ್ಲಿ ಟೆರೇಸ್ ಮೇಲೆ ಬೆಳೆಸಿಕೊಳ್ಳಿ. ಸಾಲಿನಲ್ಲಿ ಒಂದು ಸತ್ತಾಗ ನರ್ಸರಿಯ ಪುಟ್ಟ ಗಿಡ ತಂದಿಟ್ಟರೆ ಎರಡೂ ಪಕ್ಕದವು ಅದನ್ನು ನೆರಳಲ್ಲೇ ಮುಚ್ಚಿಬಿಡುತ್ತವೆ, ಬಿದ್ದ ಹಲ್ಲಿನ ಸಂದಿಯಂತೆ ವರ್ಷಗಟ್ಟಲೆ ಕಾಣುತ್ತದೆ. ಅದೇ ವಯಸ್ಸಿನ, ಅದೇ ಅಗಲದ ಗಿಡ ಮನೆಯಲ್ಲೇ ಇದ್ದರೆ ಒಂದು ಮಳೆಗಾಲದಲ್ಲಿ ಸಾಲು ಮತ್ತೆ ಕೂಡಿಕೊಳ್ಳುತ್ತದೆ.